ಮನೆಯಲ್ಲಿ ಸುಮ್ಮನಿರುವವರು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ಏಳನೆಯ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಕುಳಿತು, ಕಿಟಕಿಯಾಚೆಯ ಹುಣಸೆಮರವನ್ನೇ ನೋಡುತ್ತಿದ್ದ ಹುಡುಗ. ಈಗ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. "ಅಕ್ಕೋರ, ಮನ್ಯಾಗ ಸುಮ್ಮನ ಕುಂತು ಹೊತ್ತು ಹೆಂಗ ಕಳೀತೀರಿ?" ಎಂದು ಕಳಕಳಿಯಿಂದಲೇ ಕೇಳಿದ. ನಾನು ನಕ್ಕು, ಅವನ ಹೆಂಡತಿಯ ಕ್ಷೇಮ ವಿಚಾರಿಸಿದೆ. "ಎರಡನೇ ಕೂಸು ಆದ ಮ್ಯಾಲೆ ಆಕಿ ನೌಕರಿ ಬಿಟ್ಟಾಳ್ರಿ. ಈಗ ಮನ್ಯಾಗ ಸುಮ್ಮನ ಅದಾಳ" ಎಂದ. ಅವನು ಹಾಗೆನ್ನುತ್ತಿರುವಾಗಲೇ ಅತ್ತ ಕುಕ್ಕರು ಕೂಗಿತು, ಕೂಸು ಅತ್ತಿತು, ಯಾರೋ ಲಗುಬಗೆಯಿಂದ ಓಡಿದ ಹೆಜ್ಜೆಯ ಸಪ್ಪಳ ನನಗೆ ಇಲ್ಲಿ ಧಾರವಾಡದವರೆಗೂ ಕೇಳಿಸಿತು. ಸುಮ್ಮನಿದ್ದವರು ಯಾರೂ ಹಾಗೆ ಓಡುವುದಿಲ್ಲ.

36 ವರ್ಷ ಕನ್ನಡ ಕಲಿಸಿದವಳು ನಾನು. ಪದವೊಂದು ತಪ್ಪು ಜಾಗದಲ್ಲಿ ಬಂದರೆ ಅದರ ಕೆಳಗೆ ಕೆಂಪು ಶಾಯಿಯಿಂದ ಗೆರೆ ಎಳೆಯುವುದು ನನ್ನ ವೃತ್ತಿಯಾಗಿತ್ತು. ಇಂದು "ಸುಮ್ಮನೆ" ಎಂಬ ಪದದ ಕೆಳಗೆ ಗೆರೆ ಎಳೆಯಬೇಕೆಂದು ಕುಳಿತಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ಇದು ಬೇಸರ ತರಬಹುದು. ಗುರುವಿನ ಕೆಂಪು ಗೆರೆಗೆ ಬೇಸರಿಸುವ ಹಕ್ಕು ವಿದ್ಯಾರ್ಥಿಗೆ ಯಾವಾಗಲೂ ಇದೆ.

ಮೊದಲಿಗೆ ನಾನು ಸುಮ್ಮನಿದ್ದ ಒಂದು ದಿನದ ವರದಿಯನ್ನು ಒಪ್ಪಿಸುತ್ತೇನೆ. ಮೇ ತಿಂಗಳ ಒಂದು ದಿನ. ಎಂಟು ಗಂಟೆಯ ನಂತರ ಬಿಸಿಲಿನಲ್ಲಿ ನಿಲ್ಲಲಾಗದ ಕಾರಣ ಐದಕ್ಕೇ ಎದ್ದು ಹಿತ್ತಲಿಗೆ ಹೋದೆ. ನಳದ ನೀರು ನಮ್ಮ ಓಣಿಗೆ ದಿನವೂ ಬರುವುದಿಲ್ಲ. ಆದ್ದರಿಂದ ಹಿಂದಿನ ದಿನ ಅಕ್ಕಿ, ಕಾಯಿಪಲ್ಲೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಟ್ಟು, ಚೊಂಬಿನಿಂದ ಒಂದೊಂದೇ ಗಿಡದ ಬುಡಕ್ಕೆ ಹಾಕಬೇಕು. ಬದನೆ, ಮೆಣಸಿನ ಗಿಡಗಳ ಬುಡಕ್ಕೆ ಒಣಗಿದ ಮಾವಿನೆಲೆಗಳನ್ನು ದಪ್ಪಗೆ ಮುಚ್ಚಿದೆ. ಹಾಗೆ ಮಾಡಿದರೆ ತೇವ ಎರಡು ದಿನ ಹೆಚ್ಚಿಗೆ ನಿಲ್ಲುತ್ತದೆ. ಹೀರೇಬಳ್ಳಿ ಚಪ್ಪರದಿಂದ ಜಾರಿತ್ತು, ಹಳೆಯ ಸೀರೆಯ ಅಂಚು ಹರಿದು ಅದನ್ನು ಕಟ್ಟಿದೆ. ಕರಿಬೇವಿನ ಚಿಗುರಿಗೆ ಹುಳು ಬಿದ್ದಿತ್ತು, ಆಯ್ದು ತೆಗೆದೆ. ದುಂಡುಮಲ್ಲಿಗೆಯ ಮೊಗ್ಗು ಬಿಡಿಸುವಷ್ಟರಲ್ಲಿ ಬಿಸಿಲು ಏರಿತು. ಅಡುಗೆ, ಊಟ, ಪಾತ್ರೆಗಳ ಮಾತು ಇಲ್ಲಿ ಬೇಡ; ಅವು ಎಲ್ಲರ ಮನೆಯಲ್ಲೂ ಇದ್ದದ್ದೇ.

ಹನ್ನೊಂದಕ್ಕೆ ನಡುಮನೆಯ ತಣ್ಣನೆಯ ನೆಲದ ಮೇಲೆ ಕೌದಿ ಹರಡಿದೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ: ಕೌದಿಯೆಂದರೆ ಉಟ್ಟು ಮೆತ್ತಗಾದ ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಇಟ್ಟು, ಕೈಸೂಜಿಯಿಂದ ಒತ್ತೊತ್ತಾಗಿ ಹೊಲಿದ ಹೊದಿಕೆ. ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಈಗ ನನ್ನ ಕೈಯಲ್ಲಿರುವುದರಲ್ಲಿ ನನ್ನವ್ವನ ಇಳಕಲ್ಲ ಸೀರೆಯೂ ಇದೆ, ಗುಳೇದಗುಡ್ಡದ ಖಣದ ತುಂಡುಗಳೂ ಇವೆ. ದಿನಕ್ಕೆ ಮೂರು ತಾಸಿನಂತೆ ಕುಳಿತರೂ ದೊಡ್ಡ ಕೌದಿಯೊಂದಕ್ಕೆ ನನಗೆ ತಿಂಗಳು ಹಿಡಿಯುತ್ತದೆ. ಬೇಸಿಗೆಯಲ್ಲೇ ಇದನ್ನು ಮುಗಿಸಬೇಕು. ಮಳೆ ಹಿಡಿದರೆ ಬೆಳಕಿಲ್ಲ, ತೊಳೆದರೆ ಒಣಗುವುದಿಲ್ಲ.

ಇನ್ನು ನಮ್ಮ ಮನೆಯ ಬೆಕ್ಕುಗಳು. ತಾಯಿ ಚಿನ್ನಿ, ಅದರ ಮರಿಗಳು ಎರಡು. ಕೌದಿ ಹರಡಿದ ಮರುಕ್ಷಣವೇ ಮೂರೂ ಬಂದು, ಎಲ್ಲಿ ಹೊಲಿಗೆ ಬೀಳಬೇಕೋ ಸರಿಯಾಗಿ ಅಲ್ಲೇ ಮಲಗುತ್ತವೆ. ಒಂದನ್ನು ಎತ್ತಿಟ್ಟರೆ ಇನ್ನೊಂದು ದಾರದ ಉಂಡೆಯನ್ನು ಉರುಳಿಸಿಕೊಂಡು ಅಡುಗೆಮನೆಗೆ ಹೋಗಿರುತ್ತದೆ. ಈ ಮನೆಯಲ್ಲಿ ನಿಜವಾಗಿ ಸುಮ್ಮನಿರುವವರು ಯಾರಾದರೂ ಇದ್ದರೆ ಇವರೇ ಎನ್ನಬೇಕೆಂದಿದ್ದೆ. ಆದರೆ ಹಾಗೆನ್ನುವುದೂ ಅನ್ಯಾಯ. ಚಿನ್ನಿ ಬರುವ ಮುಂಚೆ ಟ್ರಂಕಿನ ಹಿಂದಿನ ಹಳೆಯ ಸೀರೆಯ ಗಂಟಿಗೆ ಇಲಿ ಹತ್ತಿ, ಎರಡು ಕೌದಿಗಾಗುವಷ್ಟು ಬಟ್ಟೆ ಹಾಳಾಗಿತ್ತು. ಚಿನ್ನಿ ಬಂದ ಮೇಲೆ ಒಂದು ತುಂಡೂ ಹೋಗಿಲ್ಲ.

ಇದು ನನ್ನ ಸುಮ್ಮನಿರುವಿಕೆ. ನಾನು ನಿವೃತ್ತಳು, ಪಿಂಚಣಿ ಬರುತ್ತದೆ, ಇಷ್ಟವಿದ್ದರೆ ಮಾಡುತ್ತೇನೆ, ಇಲ್ಲದಿದ್ದರೆ ಬಿಡುತ್ತೇನೆ. ನನಗಾಗಿ ನಾನು ಜಗಳ ಹೂಡಿಲ್ಲ. ಬಿಡಲು ಸಾಧ್ಯವೇ ಇಲ್ಲದೆ ಇದನ್ನೆಲ್ಲ ಜೀವಮಾನವಿಡೀ ಮಾಡಿದವರ ಪರವಾಗಿ ಈ ಮಾತು.

ಸರ್ಕಾರದ ಮಾದರಿ ಸಮೀಕ್ಷೆಗಳಲ್ಲಿ ಪ್ರತಿಯೊಬ್ಬ ಮನುಷ್ಯನಿಗೂ ಅವನು ಮಾಡುವ ಕೆಲಸಕ್ಕೆ ತಕ್ಕ ಸಂಖ್ಯೆಯೊಂದನ್ನು ಕೊಡುವ ಪದ್ಧತಿ ಬಹುಕಾಲದಿಂದ ಇದೆ. 92 ಎಂದರೆ ಮನೆಗೆಲಸ ಮಾತ್ರ ಮಾಡುವವರು. 93 ಎಂದರೆ ಮನೆಗೆಲಸದ ಜೊತೆಗೆ ಮನೆಯ ಬಳಕೆಗಾಗಿ ಕಾಯಿಪಲ್ಲೆ, ಗೆಡ್ಡೆಗೆಣಸು, ಸೌದೆ, ದನದ ಮೇವು ಕೂಡಿಸಿ ತರುವವರು, ಹೊಲಿಗೆ ನೇಯ್ಗೆ ಮಾಡುವವರು. ನನ್ನ ಅವ್ವ ಜೀವಮಾನವಿಡೀ ಮಾಡಿದ್ದೆಲ್ಲ ಈ ಒಂದು ಸಂಖ್ಯೆಯಲ್ಲಿ ಬಂದುಹೋಯಿತು. ಈ ಎರಡೂ ಸಂಖ್ಯೆಯವರು ದುಡಿಯುವ ಪಡೆಯಿಂದ ಹೊರಗೆ. ಅದೇ ಕೌದಿಯನ್ನು ಪೇಟೆಗೆ ಕೊಟ್ಟು ಹಣ ಪಡೆದರೆ ಒಳಗೆ. ಸೂಜಿ ಅದೇ, ದಾರ ಅದೇ, ಬಗ್ಗಿದ ಬೆನ್ನು ಅದೇ. ಹೊದ್ದು ಮಲಗುವವರು ಮನೆಯ ಮಕ್ಕಳಾದ ಮಾತ್ರಕ್ಕೆ ಹೊಲಿದವಳ ದುಡಿಮೆ ಹೇಗೆ ಇಲ್ಲವಾಗುತ್ತದೆ?

ಸರ್ಕಾರವೇ ನಡೆಸಿದ ಸಮಯ ಬಳಕೆಯ ಸಮೀಕ್ಷೆಯೂ ಇದೆ. 2024ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ. ಗಂಡಸರ ಈ 88 ನಿಮಿಷ ಎಲ್ಲ ಗಂಡಸರ ಸರಾಸರಿಯಲ್ಲ, ಕೆಲಸಕ್ಕೆ ಕೈಹಚ್ಚಿದವರದು ಮಾತ್ರ. 2019ರಲ್ಲಿ ಇದೇ ಸಮೀಕ್ಷೆ ನಡೆದಾಗ ದಿನವೊಂದರಲ್ಲಿ ಹಾಗೆ ಕೈಹಚ್ಚಿದ ಗಂಡಸರು ನೂರಕ್ಕೆ ಸುಮಾರು 26, ಹೆಂಗಸರು 81. ಅಳೆದದ್ದು ಒಳ್ಳೆಯದಾಯಿತು. ಆದರೆ ಒಂದು ಕೈಯಿಂದ ನಿಮಿಷಗಳನ್ನು ಅಳೆದು, ಇನ್ನೊಂದು ಕೈಯಿಂದ "ಕೆಲಸ ಮಾಡದವರು" ಎಂದು ಬರೆದುಕೊಳ್ಳುವುದು ಯಾವ ನ್ಯಾಯ?

ನ್ಯಾಯಾಲಯಗಳು ಇದನ್ನು ನಮಗಿಂತ ಮೊದಲೇ ಕಂಡವು. ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳು ಮುಂತಾದವರ ಜೊತೆಗೆ ಉತ್ಪಾದಕರಲ್ಲದವರ ಗುಂಪಿಗೆ ಸೇರಿಸಿದ 2001ರ ಜನಗಣತಿಯ ರೀತಿಯನ್ನು ಸುಪ್ರೀಂ ಕೋರ್ಟು 2010ರ ತೀರ್ಪೊಂದರಲ್ಲಿ ಕಟುವಾಗಿ ಟೀಕಿಸಿತು. 2021ರ ಜನವರಿಯಲ್ಲಿ ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ ಗೃಹಿಣಿಯ ದುಡಿಮೆಗೂ ಆದಾಯ ನಿಗದಿಪಡಿಸಿ ಪರಿಹಾರ ಲೆಕ್ಕ ಹಾಕಬೇಕೆಂಬುದನ್ನು ಎತ್ತಿಹಿಡಿಯಿತು. ಅದಕ್ಕೂ ಮುನ್ನ ಮೋಟಾರು ವಾಹನ ಕಾಯಿದೆಯ ಪಟ್ಟಿಯಲ್ಲಿ, ಗಳಿಕೆಯಿಲ್ಲದ ಹೆಂಡತಿ ಸತ್ತರೆ ಬದುಕುಳಿದ ಗಂಡನ ಆದಾಯದ ಮೂರನೆಯ ಒಂದು ಭಾಗವೇ ಆಕೆಯ ಆದಾಯವೆಂದು ಹಿಡಿಯುತ್ತಿದ್ದರು. ಗಂಡನ ಸಂಬಳ ಕಡಿಮೆಯಿದ್ದರೆ ಆಕೆಯ ರೊಟ್ಟಿಯ ಬೆಲೆಯೂ ಕಡಿಮೆ! ಇರಲಿ, ಈಗ ತಿದ್ದುಪಡಿಯಾಗುತ್ತಿದೆ. ಆದರೂ ನೋಡಿ: ಹೆಣ್ಣುಮಗಳು ರಸ್ತೆಯಲ್ಲಿ ಜೀವ ಬಿಟ್ಟ ಮೇಲೆ ಆಕೆಯ ಕೆಲಸಕ್ಕೆ ಲೆಕ್ಕ ಸಿಗುತ್ತದೆ, ಬದುಕಿ ಅಂಗಳದಲ್ಲಿ ನಿಂತಿರುವಾಗ ಸಿಗುವುದಿಲ್ಲ.

ಸರ್ಕಾರವನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ನಾನೂ ಹಾಗೆ ಮಾಡಬಹುದಿತ್ತು, ನನ್ನದೇ ತಪ್ಪೊಂದು ನೆನಪಿನಲ್ಲಿ ಇರದಿದ್ದರೆ.

ಶಿಕ್ಷಕರೇ ಗಣತಿಗೆ ಹೋಗುವ ಪದ್ಧತಿ ನಿಮಗೆ ಗೊತ್ತಿದೆ. 1991, 2001, 2011 ಹೀಗೆ ಮೂರು ಸಲ ನಾನು ಗಣತಿದಾರಳಾಗಿದ್ದೆ. 1991ರ ನಮೂನೆಯಲ್ಲಿ "ಕಳೆದ ವರ್ಷ ಯಾವಾಗಲಾದರೂ ಕೆಲಸ ಮಾಡಿದ್ದೀರಾ?" ಎಂಬ ಪ್ರಶ್ನೆಯ ಜೊತೆಗೇ, ಹೊಲದಲ್ಲಿ ಅಥವಾ ಮನೆತನದ ಉದ್ಯಮದಲ್ಲಿ ಸಂಬಳವಿಲ್ಲದೆ ಮಾಡಿದ ಕೆಲಸವನ್ನೂ ಸೇರಿಸಿಕೊಳ್ಳಬೇಕೆಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಊರಂಚಿನ ಒಂದು ಮನೆಯಲ್ಲಿ ಯಜಮಾನರು ಕಟ್ಟೆಯ ಮೇಲೆ ಕುಳಿತು ಉತ್ತರ ಕೊಡುತ್ತಿದ್ದರು. "ನಿಮ್ಮ ಮನೆಯವರು?" ಎಂದೆ. "ಆಕಿ ಏನ್ ಮಾಡ್ತಾಳ್ರಿ, ಮನ್ಯಾಗ ಇರ್ತಾಳ" ಎಂದರು. ಅದೇ ಹೊತ್ತಿಗೆ ಆಕೆ ಹೊಲದಿಂದ ಬಂದು, ತಲೆಯ ಮೇಲಿನ ಮೇವಿನ ಹೊರೆ ಇಳಿಸಿ ನನಗೆ ನೀರು ತಂದುಕೊಟ್ಟಳು. ಕಾಲಿಗೆ ಎರಿಮಣ್ಣು ಮೆತ್ತಿತ್ತು. ನಾನು ಆ ಕಾಲುಗಳನ್ನು ನೋಡಿದೆ, ನೀರು ಕುಡಿದೆ, "ಮನೆಗೆಲಸ" ಎಂದು ಬರೆದು ಎದ್ದುಬಂದೆ. ಇನ್ನೂ ಹನ್ನೆರಡು ಮನೆ ಉಳಿದಿದ್ದವು, ಸಂಜೆಯಾಗುತ್ತಿತ್ತು. ನಮೂನೆ ಆ ದಿನ ಆಕೆಯ ಪರವಾಗಿತ್ತು. ಆಕೆಯ ಹಾಗೆಯೇ ಹೆಣ್ಣಾದ ನಾನು ಇರಲಿಲ್ಲ.

ಆ ಸಲ ನಮ್ಮ ಓಣಿಯೂ ನನ್ನ ಪಾಲಿಗೆ ಬಂದಿತ್ತು. ನಮ್ಮ ಮನೆಯ ನಮೂನೆ ತುಂಬುವಾಗ ಅವ್ವ ಇದೇ ನಡುಮನೆಯಲ್ಲಿ ಕೌದಿ ಹೊಲಿಯುತ್ತಿದ್ದಳು. "ನನ್ನ ಹೆಸರಿನ ಮುಂದ ಏನ್ ಬರದಿ?" ಎಂದಳು. "ಮನಿಗೆಲಸ ಅಂತ ಬರದೇನಿ ಅವ್ವಾ" ಎಂದೆ. "ಅಂದ್ರ ಕೆಲಸದವರ ಲೆಕ್ಕದಾಗ ಬಂತೇನು?" ಎಂದು ಕೇಳಿದಳು. ಅಕ್ಷರ ಬಾರದ ಆಕೆ ನೇರ ಪ್ರಶ್ನೆಯನ್ನೇ ಕೇಳುತ್ತಿದ್ದಳು. "ಇಲ್ಲ" ಎಂದೆ. ಅವ್ವ ಸ್ವಲ್ಪ ಹೊತ್ತು ನನ್ನ ಕಡೆ ನೋಡಿ, "ಹೋಗ್ಲಿ ಬಿಡು. ಸೂಜಿಗೆ ದಾರ ಪೋಣಿಸಿ ಕೊಡು, ಕಣ್ಣು ಕಾಣವಲ್ವು" ಎಂದಳು. ನಾನು ಪೋಣಿಸಿ ಕೊಟ್ಟೆ. ಆ ಕೌದಿಯನ್ನು ಹೊದ್ದು ನಾವು ಐವರು ಮಕ್ಕಳೂ, ನಮ್ಮ ಮಕ್ಕಳೂ ಮಲಗಿದ್ದೇವೆ.

ತರಗತಿಯಲ್ಲೂ ನಾನು ಕಲಿಸಿದ್ದು ಇದನ್ನೇ. "ನನ್ನ ಕುಟುಂಬ" ಎಂಬ ಪ್ರಬಂಧದಲ್ಲಿ "ನಮ್ಮ ತಂದೆ ಕೆಲಸಕ್ಕೆ ಹೋಗುತ್ತಾರೆ, ತಾಯಿ ಮನೆಯಲ್ಲಿರುತ್ತಾಳೆ" ಎಂದು ನೀವೆಲ್ಲ ಬರೆಯುತ್ತಿದ್ದಿರಿ. ಕಾಗುಣಿತ ಸರಿಯಿದ್ದರೆ ಗುಣ ಕೊಡುತ್ತಿದ್ದೆ. ತಂದೆಗೆ ಬಹುವಚನ, ತಾಯಿಗೆ ಏಕವಚನ. ತಂದೆಗೆ ಕೆಲಸ, ತಾಯಿಗೆ ಬರೀ ಇರುವಿಕೆ. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಕೊನೆಯ ಸಾಲಿನ ಆ ಹುಡುಗ ಇಂದು "ಸುಮ್ಮನ ಅದಾಳ" ಎನ್ನುತ್ತಿದ್ದರೆ, ಆ ವಾಕ್ಯವನ್ನು ಅವನಿಗೆ ತಿದ್ದದೆ ಕಳಿಸಿದವಳು ನಾನೇ.

"ಮನೆಯ ಪ್ರೀತಿಗೆ ಬೆಲೆ ಕಟ್ಟಬೇಕೇ?" ಎಂದು ಸಂಬಂಧಿಕರಲ್ಲಿ ಕೆಲವರು ಕೇಳುತ್ತಾರೆ. ಬೆಲೆಯನ್ನು ನಾನು ಕೇಳುತ್ತಿಲ್ಲ, ಹೆಸರನ್ನು ಕೇಳುತ್ತಿದ್ದೇನೆ. ನಾನೂ ಪ್ರೀತಿಯಿಂದಲೇ ಪಾಠ ಹೇಳಿದೆ. ಪ್ರೀತಿಯಿದೆಯೆಂದು ಯಾರೂ ನನ್ನ ಸಂಬಳ ನಿಲ್ಲಿಸಲಿಲ್ಲ, "ಅಕ್ಕೋರು ಶಾಲೆಯಲ್ಲಿ ಸುಮ್ಮನಿರುತ್ತಾರೆ" ಎನ್ನಲಿಲ್ಲ. "ಎಲ್ಲ ದೇಶಗಳಲ್ಲೂ ಲೆಕ್ಕದ ರೀತಿ ಹೀಗೆಯೇ ಇದೆ" ಎಂದು ಅರ್ಥಶಾಸ್ತ್ರ ಓದಿದ ನಮ್ಮ ಅಳಿಯಂದಿರು ಹೇಳುತ್ತಾರೆ. ಇರಬಹುದು. ಆದರೆ ಲೆಕ್ಕದ ರೀತಿ ಬದಲಾಗದೇ ಇರುವಂಥದ್ದಲ್ಲ. ಮನೆಯ ಬಳಕೆಗೆ ಮಾತ್ರ ಹಾಲು ಹೈನು ಮಾಡುವವರನ್ನು 2001ರ ಗಣತಿಯಲ್ಲಿ ಕೆಲಸಗಾರರೆಂದು ಎಣಿಸಿದರು. ಹಾಲು ಕರೆದರೆ ಕೆಲಸ, ಅದೇ ಹಾಲನ್ನು ಕಾಯಿಸಿ ಮಗುವಿಗೆ ಕುಡಿಸಿದರೆ ಅಲ್ಲ! ಗೆರೆಯನ್ನು ಒಮ್ಮೆ ಸರಿಸಿದವರು ಇನ್ನೊಮ್ಮೆಯೂ ಸರಿಸಬಲ್ಲರು. 2011ರ ಗಣತಿಯಲ್ಲಿ ನಮ್ಮ ದೇಶದ ಹೆಂಗಸರಲ್ಲಿ ಕೆಲಸಗಾರರು ನೂರಕ್ಕೆ 25.5 ಎಂದು ಬಂದಿತು. ಉಳಿದವರು ಏನು ಮಾಡುತ್ತಿದ್ದರೆಂದು ಆ ಅಂಕಿಯನ್ನು ತಿಂಡಿಯ ತಟ್ಟೆಯ ಮುಂದೆ ಕುಳಿತು ಓದಿದವರಿಗಾದರೂ ಹೊಳೆಯಬೇಕಿತ್ತು.

2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಗಿ, 2027ರ ಮಾರ್ಚ್ 1ನ್ನು ಅದರ ಗಣನೆಯ ದಿನವೆಂದು ನಿಗದಿ ಮಾಡಿದ್ದಾರೆ. ನನ್ನ ವಿದ್ಯಾರ್ಥಿಗಳಲ್ಲಿ ಶಿಕ್ಷಕರಾದವರು ಎಷ್ಟೋ ಮಂದಿ ಇದ್ದೀರಿ. ನಿಮ್ಮಲ್ಲಿ ಗಣತಿಯ ಕೆಲಸಕ್ಕೆ ಹೋಗುವವರಿಗೆ ನನ್ನದು ಒಂದೇ ಕೋರಿಕೆ. ಕಟ್ಟೆಯ ಮೇಲೆ ಕುಳಿತ ಯಜಮಾನರ ಉತ್ತರಕ್ಕೆ ತೃಪ್ತರಾಗಬೇಡಿ. ಆಕೆಯನ್ನೇ ಕರೆಯಿರಿ, ಆಕೆಯನ್ನೇ ಕೇಳಿ. "ಕೆಲಸ ಮಾಡ್ತೀರೇನು?" ಎಂದರೆ "ಇಲ್ರಿ" ಎಂದೇ ಅನ್ನುತ್ತಾಳೆ, ನಾವೇ ಹಾಗೆನ್ನಲು ಕಲಿಸಿದ್ದೇವೆ. "ಮುಂಜಾನಿಂದ ಏನೇನು ಮಾಡಿದಿರಿ?" ಎಂದು ಕೇಳಿ, ಕಾಲುಗಳನ್ನೂ ನೋಡಿ. ಇನ್ನೂ ಹನ್ನೆರಡು ಮನೆ ಉಳಿದಿದ್ದರೂ ಸರಿ.

ಗಣತಿಗೆ ಹೋಗದವರು ಮನೆಯಲ್ಲೇ ಆರಂಭಿಸಬಹುದು. "ಸುಮ್ಮನ ಅದಾಳ" ಎಂಬ ಮಾತನ್ನು ಬಿಡಿ. ಬಿಟ್ಟ ಮೇಲೆ ಆ ಜಾಗದಲ್ಲಿ ಏನು ಹೇಳಬೇಕೆಂದು ತೋಚದಿದ್ದರೆ ಒಂದು ದಿನ ರಜೆ ಹಾಕಿ, ಆಕೆ ಮಾಡುವುದನ್ನೆಲ್ಲ ನೀವು ಮಾಡಿ ನೋಡಿ.

ಕೊನೆಗೊಂದು ಮಾತು. ನನ್ನ ಕೈಯಲ್ಲಿರುವ ದೊಡ್ಡ ಕೌದಿ ಮುಗಿದ ಮೇಲೆ ಉಳಿದ ಖಣದ ತುಂಡುಗಳಿಂದ ಒಂದು ಸಣ್ಣ ಕೌದಿ ಹೊಲಿದು ಬೆಂಗಳೂರಿನ ಆ ಕೂಸಿಗೆ ಕಳಿಸುವವಳಿದ್ದೇನೆ. ಅಪ್ಪನಾದವನು ಈ ಬರಹವನ್ನು ಓದುತ್ತಾನೆಂದು ಬಲ್ಲೆ. ಮಗನೇ, ಬೇಸರ ಮಾಡಿಕೊಳ್ಳಬೇಡ. ಹೊತ್ತು ಹೇಗೆ ಕಳೆಯುತ್ತೀರೆಂದು ಕೇಳಿದೆಯಲ್ಲ, ಇದು ಅದಕ್ಕೆ ಉತ್ತರ. ಮುಂದಿನ ಸಲ ಫೋನು ಮಾಡಿದಾಗ ಅದನ್ನು ನಿನ್ನ ಹೆಂಡತಿಯ ಕೈಗೆ ಕೊಡು. ಕೂಸನ್ನು ನೀನು ಎತ್ತಿಕೊ. ಆಕೆಯ ಹೊತ್ತು ಹೇಗೆ ಹೋಗುತ್ತದೆಂದು ನಾನು ಆಕೆಯನ್ನೇ ಕೇಳಬೇಕಾಗಿದೆ.

ಚಿನ್ನಿ ಈಗ ಕೌದಿಯ ನಟ್ಟನಡುವೆ ಮಲಗಿದೆ. ಅದು ಏಳುವವರೆಗೆ ನನಗೆ ಬಿಡುವು.