ಇಳಿಜಾರಿನ ದಾನವೆಷ್ಟು?

ಸಂಡೂರಿನ ಬೆಟ್ಟದಿಂದ ಹೊಸಪೇಟೆಯತ್ತ ಇಳಿಯುವ ಪ್ಲಗ್-ಇನ್ ಹೈಬ್ರಿಡ್ ಕಾರಿಗೆ ಇಳಿಜಾರೇ ಬ್ಯಾಟರಿ ತುಂಬಿಕೊಡುವುದೆಂಬ ನಂಬಿಕೆಯನ್ನು ನಾವು ಒಪ್ಪಲಾರೆವು. ಬ್ರೇಕು ಒತ್ತಿದಾಗ ಮೋಟಾರೇ ಡೈನಮೋ ಆಗಿ ವಿದ್ಯುತ್ತನ್ನು ಮರಳಿಸುವುದೇನೋ ನಿಜ. ಆದರೆ 1,500 ಕಿಲೋಗ್ರಾಂ ತೂಕದ ಕಾರು 300 ಮೀಟರು ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 1.2 ಯೂನಿಟ್ಟು ಮಾತ್ರ. ಅದರಲ್ಲೂ ಗಾಳಿಯ ತಡೆ, ಚಕ್ರಗಳ ಘರ್ಷಣೆ ತಮ್ಮ ಪಾಲನ್ನು ಕಸಿಯುತ್ತವೆ. ಇಂಥ ಕಾರುಗಳ ಬ್ಯಾಟರಿಯೋ, ಅನೇಕವೇಳೆ ಹತ್ತು ಯೂನಿಟ್ಟಿಗೂ ಮಿಗಿಲಾದುದು. ಮೇಲಾಗಿ, ಏರುವಾಗ ತೆತ್ತುದರ ಒಂದಂಶವಷ್ಟೇ ಇದು. ಎಂಜಿನ್ನಿನಿಂದ ತುಂಬಿಸಹೋದರೆ ಸುಡುವುದು ಪೆಟ್ರೋಲೇ. ಗೋಡೆಯ ಪ್ಲಗ್ಗಿಗೆ ಜೋಡಿಸದ ಒಡೆಯನು ಬ್ಯಾಟರಿಯ ಭಾರವನ್ನು ಬಹುಪಾಲು ವ್ಯರ್ಥವಾಗಿ ಹೊತ್ತು ತಿರುಗುವನು. ಹಂಪಿಯ ಯಾತ್ರಿಕರು ರಾತ್ರಿ ತಂಗುವ ಹೊಸಪೇಟೆಯ ವಸತಿಗೃಹಗಳು ಕಾರು ನಿಲ್ಲುವೆಡೆ ಒಂದೊಂದು ಪ್ಲಗ್ಗನ್ನಾದರೂ ಇರಿಸಬೇಕೆಂದು ನಾವು ಒತ್ತಾಯಿಸುತ್ತೇವೆ.