ಪತಂಗದ ಮೇಲಣ ಅಪವಾದ

ನಮ್ಮ ನೀತಿಗ್ರಂಥಗಳಲ್ಲಿ ಪತಂಗಕ್ಕೆ ಒಳ್ಳೆಯ ಹೆಸರಿಲ್ಲ. ನಾದಕ್ಕೆ ಜಿಂಕೆ, ಸ್ಪರ್ಶಕ್ಕೆ ಆನೆ, ರುಚಿಗೆ ಮೀನು, ಗಂಧಕ್ಕೆ ದುಂಬಿ ಸೋತು ಕೆಡುವಂತೆ, ರೂಪದ ಮೋಹಕ್ಕೆ ಪತಂಗ ಕೆಡುತ್ತದೆಂದು ಹಿರಿಯರು ಹೇಳಿದರು. ದೀಪಕ್ಕೆ ಬೀಳುವ ಹುಳು ವಿವೇಕಗೆಟ್ಟ ಕಾಮಿಗೆ ಉಪಮಾನವಾಯಿತು. ಆದರೆ ಆರೋಪಿಯ ಬಾಳನ್ನು ವಿಚಾರಿಸಿದವರು ವಿರಳ.

ಚಂದ್ರ ಪತಂಗವನ್ನೇ ನೋಡೋಣ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಇದು ಉಂಟು. ತಿಳಿಹಸುರು ರೆಕ್ಕೆ, ಅದರ ಹರವು ಸುಮಾರು 10ರಿಂದ 12 ಸೆಂಟಿಮೀಟರು, ನಾಲ್ಕು ರೆಕ್ಕೆಗಳಲ್ಲಿಯೂ ಒಂದೊಂದು ಕಣ್ಣಿನಂಥ ಬೊಟ್ಟು, ಹಿಂದಿನ ಜೋಡಿಗೆ ಇಳಿಬಿದ್ದ ನೀಳವಾದ ಬಾಲ. ಗ್ರೀಕರ ಚಂದ್ರದೇವತೆ ಸೆಲೀನೆಯ ಹೆಸರನ್ನೇ ಶಾಸ್ತ್ರಜ್ಞರು ಇದಕ್ಕೆ ಇಟ್ಟಿದ್ದಾರೆ.

ಈ ಚೆಲುವಿಗೆ ಉಣ್ಣುವ ಯೋಗವಿಲ್ಲ. ಬೆಳೆದ ಪತಂಗಕ್ಕೆ ಆಹಾರ ಸೇವಿಸಬಲ್ಲ ಬಾಯಿಯೇ ಇಲ್ಲ. ಕಂಬಳಿಹುಳುವಾಗಿದ್ದಾಗ ಎಲೆ ಮೇದು ಕೂಡಿಟ್ಟ ಸಾರವೇ ಅದರ ಬುತ್ತಿ. ಆ ಬುತ್ತಿ ಒಂದು ವಾರದಷ್ಟು ಕಾಲ ಬರುತ್ತದೆ. ಹೆಣ್ಣು ಒಂದೆಡೆ ಕುಳಿತು ಗಾಳಿಗೆ ಗಂಧವನ್ನು ಬಿಡುತ್ತದೆ. ಗಂಡು ಗರಿಯಂಥ ಮೀಸೆಗಳಿಂದ ಅದನ್ನು ಗ್ರಹಿಸಿ, ಕತ್ತಲಲ್ಲಿ ದೂರದಿಂದ ಅರಸಿ ಬರುತ್ತದೆ. ಕೂಡುವುದು, ಮೊಟ್ಟೆಯಿಡುವುದು, ಮಡಿಯುವುದು, ಇಷ್ಟೇ ಅದರ ಚರಿತ್ರೆ. ಅನ್ನವನ್ನೂ ತೊರೆದ ಜೀವಿಯನ್ನು ಭೋಗಲೋಲುಪವೆನ್ನುವುದು ನ್ಯಾಯವೆ?

ಹಾಗಾದರೆ ಪತಂಗಗಳು ದೀಪವನ್ನು ಸುತ್ತುವುದೇಕೆ? ಹಾರುವ ಕೀಟಗಳನ್ನು ಅತಿವೇಗದ ಕ್ಯಾಮೆರಾಗಳಿಂದ ಚಿತ್ರಿಸಿ 2024ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇದಕ್ಕೆ ಉತ್ತರ ಹೇಳುತ್ತದೆ. ಇರುಳಿನಲ್ಲಿಯೂ ನೆಲಕ್ಕಿಂತ ಆಕಾಶವೇ ಬೆಳಕು. ಬೆಳಕಿನತ್ತ ಬೆನ್ನು ಹಿಡಿದು ಹಾರಿದರೆ ಮೇಲಾವುದು ಕೆಳಗಾವುದು ಎಂಬುದು ತಾನಾಗಿ ತಿಳಿಯುತ್ತದೆ. ಪಕ್ಕದಲ್ಲಿ ದೀಪವೊಂದು ಉರಿದರೆ ಬಹುಪಾಲು ಕೀಟಗಳು ಅದನ್ನೇ ಆಕಾಶವೆಂಬಂತೆ ಬಗೆದು ಬೆನ್ನನ್ನು ಅತ್ತ ವಾಲಿಸುತ್ತವೆ. ಹಾದಿ ಬಾಗಿ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಇದು ಮೋಹವಲ್ಲ, ದಿಗ್ಭ್ರಮೆ. ಭ್ರಮೆಗೆ ಕಾರಣರು ದೀಪವಿಟ್ಟವರು.

ಹಣತೆಯ ಕಾಲದಲ್ಲಿ ಈ ಅಪರಾಧ ಚಿಕ್ಕದಿತ್ತು. ಇಂದು ಕಾಡಿನಂಚಿನ ವಸತಿಗೃಹಗಳೂ ಇರುಳೆಲ್ಲ ಬೆಳಗುತ್ತವೆ. ಏಳು ದಿನ ಬಾಳುವ ಜೀವಿ ಒಂದು ರಾತ್ರಿಯನ್ನು ದೀಪಕಂಬದಲ್ಲಿ ಕಳೆದರೆ ಆಯುಷ್ಯದ ಏಳನೆಯ ಒಂದು ಪಾಲು ಹೋದಂತೆ. ಕಾದು ಕುಳಿತ ಹೆಣ್ಣಿನ ಕಾಯುವಿಕೆಯೂ ವ್ಯರ್ಥ.

ಹಳೆಯ ಉಪಮೆಯನ್ನು ಕಾವ್ಯದಿಂದ ಕಿತ್ತೆಸೆಯಬೇಕೆಂದು ಯಾರೂ ಹೇಳಲಾರರು. ಆದರೆ ಅದನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರು ಪತಂಗದ ಪರವಾಗಿ ಈ ಎರಡು ಮಾತುಗಳನ್ನೂ ಸೇರಿಸಲಿ. ಕೇಳಿದ ವಿದ್ಯಾರ್ಥಿ ಮನೆಗೆ ಹೋಗಿ ಅಂಗಳದ ಬೇಡದ ದೀಪವೊಂದನ್ನು ಆರಿಸಿದರೆ, ಪಾಠ ಸಾರ್ಥಕ.