ಸಾಂತ್ವನದ ಸಂಕೋಚ

ಸಾವಿನ ಮನೆಗೆ ಹೋದವರು ಕುಳಿತುಕೊಳ್ಳುವುದಕ್ಕೂ ಮೊದಲೇ ‘ಎಲ್ಲವೂ ದೇವರ ಚಿತ್ತ, ಸಮಾಧಾನ ಮಾಡಿಕೊಳ್ಳಿ’ ಎಂದು ಹೇಳಿ ಮುಗಿಸಿಬಿಡುವ ರೂಢಿ ನಮ್ಮ ಕ್ರೈಸ್ತ ಬಾಂಧವರಲ್ಲಿ ಬಲವಾಗಿ ಬೇರೂರಿದೆ. ಇತರರಲ್ಲಿಯೂ ಅದು ಬೇರೆ ಮಾತುಗಳಲ್ಲಿ ಇದ್ದೇ ಇದೆ. ಆ ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ಅದರಿಂದ ದುಃಖಿತನಿಗಿಂತ ಹೇಳಿದವನಿಗೇ ಹೆಚ್ಚು ಉಪಶಮನವಾಗುತ್ತದೆಂಬುದನ್ನೂ, ಪರರ ಶೋಕದ ಮುಂದೆ ತನಗುಂಟಾದ ಕಸಿವಿಸಿಯನ್ನು ಆತನು ದೇವರ ಹೆಸರಿನಲ್ಲಿ ಕಳೆದುಕೊಳ್ಳುತ್ತಾನೆಂಬುದನ್ನೂ ಅಂತಹ ಮನೆಗಳಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ನೋಡಿದವರು ಬಲ್ಲರು. ದೇವರಲ್ಲಿ ನಿಜವಾಗಿ ಬಲವನ್ನೂ ಶಾಂತಿಯನ್ನೂ ಕಂಡುಕೊಂಡವನು ಅವನ್ನು ಇನ್ನೊಬ್ಬನ ಕೈಗೆ ತುರುಕಲು ಹಿಂಜರಿಯುತ್ತಾನೆ ಎಂಬುದು ನನ್ನ ಅಭಿಪ್ರಾಯ. ಜರ್ಮನಿಯ ಲೂಥರನ್ ಸಭಾಪಾಲಕ ಡೀಟ್ರಿಖ್ ಬೋನ್‌ಹೋಫರನ ಕೊನೆಯ ಎರಡು ವರ್ಷಗಳ ವೃತ್ತಾಂತವೇ ನನಗೆ ಈ ಅಭಿಪ್ರಾಯವನ್ನು ಕೊಟ್ಟದ್ದು.

1906ರಲ್ಲಿ ಹುಟ್ಟಿದ ಈತನು ಬರ್ಲಿನ್ನಿನ ಹೆಸರಾಂತ ಮನೋವೈದ್ಯನೊಬ್ಬನ ಮಗ. ಹಿಟ್ಲರನ ಪ್ರಭುತ್ವಕ್ಕೆ ಕ್ರೈಸ್ತಸಭೆಯು ತಲೆಬಾಗತೊಡಗಿದಾಗ ಅದನ್ನು ಮೊದಲಿಗೇ ಪ್ರತಿಭಟಿಸಿದವರಲ್ಲಿ ಒಬ್ಬ. ಗಾಂಧೀಜಿಯವರ ಆಶ್ರಮದಲ್ಲಿ ಕೆಲಕಾಲವಿದ್ದು ಕಲಿಯಬೇಕೆಂದು ಹಂಬಲಿಸಿ 1934ರಲ್ಲಿ ಅವರಿಂದ ಆಹ್ವಾನವನ್ನೂ ಪಡೆದಿದ್ದನು. ತರುಣ ಸಭಾಪಾಲಕರನ್ನು ಸಿದ್ಧಪಡಿಸುವ ಹೊಣೆ ಹೆಗಲಿಗೆ ಬಿದ್ದುದರಿಂದ ಆ ಪ್ರಯಾಣ ಕೈಗೂಡಲಿಲ್ಲ. 1939ರಲ್ಲಿ ಸ್ನೇಹಿತರು ಆತನನ್ನು ನ್ಯೂಯಾರ್ಕಿಗೆ ಕರೆಸಿಕೊಂಡು ಸುರಕ್ಷಿತವಾಗಿ ಇರಿಸಲೆಳಸಿದರೂ, ತನ್ನ ಜನರ ಕಷ್ಟದಲ್ಲಿ ಪಾಲ್ಗೊಳ್ಳದವನಿಗೆ ಯುದ್ಧಾನಂತರ ಅವರ ನಡುವೆ ನಿಂತು ಮಾತನಾಡುವ ಅಧಿಕಾರವಿರದೆಂದು ಬಗೆದು ಕೆಲವೇ ವಾರಗಳಲ್ಲಿ ಹಿಂದಿರುಗಿದನು. ಹಿಟ್ಲರನ ವಿರುದ್ಧ ಪಿತೂರಿ ಹೂಡಿದವರ ಜೊತೆಗೂಡಿದನು. 1943ರ ಏಪ್ರಿಲ್ 5ರಂದು ಬಂಧನ. ಬರ್ಲಿನ್ನಿನ ಟೇಗೆಲ್ ಸೆರೆಮನೆ.

ಆ ಸೆರೆಮನೆಯ ಮೊದಲ ದಿನಗಳನ್ನು ಆತನೇ ಬರೆದಿಟ್ಟಿದ್ದಾನೆ. ಹೊದೆಯಲು ಕೊಟ್ಟ ಕಂಬಳಿಗಳು ಅದೆಷ್ಟು ನಾರುತ್ತಿದ್ದುವೆಂದರೆ, ಅಷ್ಟು ಚಳಿಯಲ್ಲಿಯೂ ಅವನ್ನು ಮೈಮೇಲೆ ಎಳೆದುಕೊಳ್ಳಲಾಗಲಿಲ್ಲ. ಬೆಳಗಾದ ಮೇಲೆ ರೊಟ್ಟಿಯ ತುಂಡೊಂದನ್ನು ಕೋಣೆಯೊಳಕ್ಕೆ ಎಸೆದರು. ಅದನ್ನು ನೆಲದಿಂದ ಆಯ್ದುಕೊಳ್ಳಬೇಕಾಯಿತು. ಊಟವನ್ನು ಒಳಗಿಡಲು, ಮಲದ ಬಕೆಟ್ಟನ್ನು ಹೊರಗೊಯ್ಯಲು ಮಾತ್ರ ತೆರೆಯುತ್ತಿದ್ದ ಆ ಬಾಗಿಲಿನ ಹಿಂದೆ ಹನ್ನೆರಡು ದಿನಗಳವರೆಗೆ ಆತನೊಡನೆ ಯಾರೂ ಒಂದು ಮಾತನ್ನಾಡಲಿಲ್ಲ. ದೇವಶಾಸ್ತ್ರದ ಪಂಡಿತನೂ, ಬೋಧಕನೂ, ಅನೇಕ ಗ್ರಂಥಗಳ ಕರ್ತೃವೂ ಆದ ಈ ಮನುಷ್ಯನು ಆ ದಿನಗಳಲ್ಲಿ ಆತ್ಮಹತ್ಯೆಯ ಯೋಚನೆಯನ್ನು ಕೂಡ ಚೂರು ಕಾಗದವೊಂದರ ಮೇಲೆ ಗುರುತುಹಾಕಿಕೊಂಡಿದ್ದನು. ಭಕ್ತರ ಚರಿತ್ರೆಗಳನ್ನು ಬರೆಯುವವರು ಇಂತಹ ಚೂರುಗಳನ್ನು ಬಚ್ಚಿಡುವುದುಂಟು. ಅದು ಸಲ್ಲದು, ಬೆಳಕು ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಕತ್ತಲೆ ಎಷ್ಟಿತ್ತೆಂದು ತಿಳಿಯಬೇಡವೆ?

ಆತನನ್ನು ಎತ್ತಿ ನಿಲ್ಲಿಸಿದುದು ಯಾವ ದಿವ್ಯದರ್ಶನವೂ ಅಲ್ಲ, ದಿನಚರಿ. ಲೂಥರನು ವಿಧಿಸಿದ್ದಂತೆ ಬೆಳಗ್ಗೆ ಎದ್ದೊಡನೆ, ರಾತ್ರಿ ಮಲಗುವ ಮುನ್ನ ಶಿಲುಬೆಯ ಗುರುತು. ಹದಿನೇಳನೆಯ ಶತಮಾನದ ಪಾಲ್ ಗೆರ್ಹಾರ್ಟನ ಬಾಯಿಪಾಠದ ಹಾಡುಗಳು. ಎಲ್ಲಕ್ಕಿಂತ ಮಿಗಿಲಾಗಿ, ವರ್ಷಗಳಿಂದ ನಿತ್ಯವೂ ಓದುತ್ತಿದ್ದ, ಬೈಬಲಿನ ಕೀರ್ತನೆಗಳ ಪುಸ್ತಕ. ಈ ಪುಸ್ತಕವನ್ನು ಕುರಿತೇ ಆತನು 1940ರಲ್ಲಿ ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿದ್ದನು. ಕೀರ್ತನೆಗಳೆಂದರೆ ಸ್ತುತಿಯ ಹಾಡುಗಳೆಂದು ದೂರದಿಂದ ಬಲ್ಲವರು ಭಾವಿಸುತ್ತಾರೆ. ತೆರೆದು ನೋಡಿದರೆ ಅವುಗಳಲ್ಲಿ ದೊಡ್ಡದೊಂದು ಭಾಗ ದೂರು, ಗೋಳು, ‘ಎಲ್ಲಿದ್ದೀಯೆ?’ ಎಂಬ ಕೂಗು. ಎಂಬತ್ತೆಂಟನೆಯದಂತೂ ಸಮಾಧಾನದ ಒಂದು ಸೊಲ್ಲೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಇಂತಹ ಹಾಡನ್ನು ಪವಿತ್ರ ಗ್ರಂಥದೊಳಗೆ ಉಳಿಸಿಕೊಂಡ ಧರ್ಮವು ದುಃಖಿಗಳ ಬಾಯಿ ಮುಚ್ಚಿಸುವ ಅವಸರವನ್ನು ಎಲ್ಲಿಂದ ಕಲಿಯಿತೋ, ನನಗೆ ಸೋಜಿಗ. ಶಿಷ್ಯರಿಗೆ ಶಾಂತಿಯನ್ನು ಕೊಟ್ಟುಹೋಗುತ್ತೇನೆಂದ ಯೇಸುಸ್ವಾಮಿಯೂ ಅದೇ ರಾತ್ರಿ ಗೆತ್ಸೇಮನೆಯಲ್ಲಿ ಕಳವಳಪಟ್ಟು, ಸಂಕಟದ ಪಾತ್ರೆಯನ್ನು ತನ್ನಿಂದ ತೊಲಗಿಸೆಂದು ಬೇಡಿಕೊಂಡವನು. ಆತನು ಕೊಟ್ಟ ಶಾಂತಿಗೂ ಭಯಕ್ಕೂ ಹಾಗಾದರೆ ಒಂದೇ ಎದೆಯಲ್ಲಿ ಸ್ಥಳವಿತ್ತೆಂದಾಯಿತು.

ಟೇಗೆಲ್ ಸೆರೆಮನೆಯ ಪಕ್ಕದಲ್ಲಿಯೇ ರೈಲು ಎಂಜಿನುಗಳನ್ನು ಕಟ್ಟುವ ಬೋರ್ಸಿಗ್ ಕಾರ್ಖಾನೆಯಿದ್ದುದರಿಂದ ವಿಮಾನಗಳು ಬಾಂಬು ಸುರಿಸುವಾಗ ಕೈದಿಗಳ ಜೀವ ಅಂಗೈಯಲ್ಲಿರುತ್ತಿತ್ತು. 1944ರ ಜನವರಿಯ ಕೊನೆಯಲ್ಲಿ, ಅಂತಹ ಒಂದು ದಾಳಿಯ ಮರುದಿನ, ಬೋನ್‌ಹೋಫರ್ ತನ್ನ ಗೆಳೆಯ ಬೆಟ್ಗೆಗೆ ಬರೆದ ಪತ್ರವೊಂದಿದೆ. ಎಲ್ಲರೂ ನೆಲಕ್ಕೊರಗಿ ಬಿದ್ದಿದ್ದಾಗ, ಎಂದೂ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದ ಒಬ್ಬನು ದೇವರೇ ದೇವರೇ ಎಂದು ಚೀರಿಕೊಂಡನಂತೆ. ಉಪದೇಶಕನೊಬ್ಬನಿಗೆ ಇದಕ್ಕಿಂತ ಒಳ್ಳೆಯ ಸಮಯವುಂಟೆ? ಬೋನ್‌ಹೋಫರನ ಬಾಯಿಂದ ಮಾತ್ರ ಧರ್ಮದ ಮಾತೊಂದೂ ಹೊರಡಲಿಲ್ಲ. ಕೈಗಡಿಯಾರವನ್ನು ನೋಡಿ, ಇನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಇರಲಾರದೆಂದು ಹೇಳಿದನು, ಅಷ್ಟೆ. ಬೇಕೆಂದು ಹಾಗೆ ಮಾಡಲಿಲ್ಲವೆಂದೂ, ಅಂತಹ ಗಳಿಗೆಯಲ್ಲಿ ಧರ್ಮವನ್ನು ಬಲವಂತವಾಗಿ ಹೇರಲು ಮನಸ್ಸು ಒಪ್ಪದಿದ್ದಿರಬಹುದೆಂದೂ ಗೆಳೆಯನಿಗೆ ಆತನು ವಿವರಿಸುತ್ತಾನೆ.

ಇದು ಕರ್ತವ್ಯಲೋಪವೆಂದು ಹೇಳುವವರು ಇದ್ದಾರು. ಆದರೆ ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೆ, 1943ರ ಕ್ರಿಸ್‌ಮಸ್ಸಿಗೆ, ಸಹಕೈದಿಗಳಿಗಾಗಿ ಪ್ರಾರ್ಥನೆಗಳನ್ನು ರಚಿಸಿಕೊಟ್ಟವನೂ ಇವನೇ. ತಮ್ಮ ಚಿಂತೆಗಳನ್ನು ಹೇಳಿಕೊಳ್ಳಲು ಕೈದಿಗಳಿರಲಿ, ಕಾವಲುಗಾರರು ಸಹ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೇಳಿದವನಿಗೆ ಕೊಡುವುದು ಬೇರೆ, ಬೆದರಿದವನ ಭಯವನ್ನು ದೇವರ ಪಾಲಿನ ಲಾಭವಾಗಿ ಮಾಡಿಕೊಳ್ಳುವುದು ಬೇರೆ. ಮನುಷ್ಯನ ಬುದ್ಧಿಬಲಗಳು ಸೋತ ಕಡೆ ತೇಪೆ ಹಾಕುವವನೆಂದು ದೇವರನ್ನು ಕಾಣಬಾರದು, ಆರೋಗ್ಯದಲ್ಲಿ, ದುಡಿಮೆಯಲ್ಲಿ, ಜೀವನದ ನಟ್ಟನಡುವೆಯೇ ಆತನನ್ನು ಕಾಣಬೇಕೆಂದು 1944ರ ಮುಂದಿನ ಪತ್ರಗಳಲ್ಲಿ ಬೋನ್‌ಹೋಫರ್ ವಾದಿಸಿದನು. ಶಾಂತಿಯನ್ನು ಮಾತ್ರೆಯಂತೆ ಹಂಚುವ ಇಂದಿನ ಪ್ರಾರ್ಥನಾಕೂಟಗಳ ವೇದಿಕೆಯಿಂದ ಈ ಮಾತನ್ನು ನಾನಂತೂ ಕೇಳಿಲ್ಲ. ಅಲ್ಲಿ ಕಾಯಿಲೆಯ, ಸಾಲದ, ಮುರಿದ ಮದುವೆಯ ಹೆಸರು ಹೇಳಿಯೇ ಜನರನ್ನು ಕರೆಯುತ್ತಾರೆ.

1945ರ ಏಪ್ರಿಲ್ 9ರ ಮುಂಜಾನೆ ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಆತನನ್ನು ಗಲ್ಲಿಗೇರಿಸಿದರು. ಆ ಮರಣದ ಪ್ರಶಾಂತತೆಯನ್ನು ಶಿಬಿರದ ವೈದ್ಯನೊಬ್ಬನು ವರ್ಷಗಳ ಮೇಲೆ ವರ್ಣಿಸಿದ್ದಾನೆ. ಅದರ ಸತ್ಯತೆಯನ್ನು ಇತಿಹಾಸಕಾರರು ಸಂದೇಹಿಸಿರುವುದರಿಂದ ಅದನ್ನು ನಾನು ಆಶ್ರಯಿಸಲೊಲ್ಲೆ. ಮರಣದ ಹಿಂದಿನ ದಿನದ ಸಂಗತಿಯೇ ನನಗೆ ಸಾಕು. ಅಂದು ಭಾನುವಾರ, ಬವೇರಿಯದ ಷೋನ್‌ಬೆರ್ಗ್ ಹಳ್ಳಿಯ ಶಾಲೆಯಲ್ಲಿ ಕೂಡಿಹಾಕಿದ್ದ ಕೈದಿಗಳು ಆತನನ್ನು ಆರಾಧನೆ ನಡೆಸಬೇಕೆಂದು ಕೇಳಿಕೊಂಡರು. ಆತನು ಒಡನೆಯೇ ಒಪ್ಪಲಿಲ್ಲ. ಅವರಲ್ಲಿ ಹೆಚ್ಚಿನವರು ಕಥೋಲಿಕರು. ಕೊಕೋರಿನ್ ಎಂಬ ರಷ್ಯನ್ ತರುಣನು ದೇವರನ್ನೇ ನಂಬದ ಕಮ್ಯುನಿಸ್ಟ್. ತಪ್ಪಿಸಿಕೊಂಡು ಹೋಗಲು ಬೇರೆ ಸ್ಥಳವಿಲ್ಲದ ಆ ಕೋಣೆಯಲ್ಲಿ ತನ್ನ ಆರಾಧನೆಯನ್ನು ಅವನ ಮೇಲೆ ಹೊರಿಸುವುದು ಹೇಗೆಂಬ ಅಳುಕು. ಕೊನೆಗೆ ಆ ಕೊಕೋರಿನನೇ ಆಗಲೆಂದ ಮೇಲೆ ಬೋನ್‌ಹೋಫರ್ ಎದ್ದು ನಿಂತು ಆ ದಿನದ ವಾಕ್ಯಗಳನ್ನು ಓದಿ ಪ್ರಾರ್ಥಿಸಿದನು.